ಕುರ್‌ಆನ್ ದೇವವಾಣಿಯೇ? ಪುರಾವೆ ಎಲ್ಲಿಯವರೆಗೆ, ನಂಬಿಕೆ ಎಲ್ಲಿಂದ

ಕನ್ನಡದಲ್ಲಿ ‘ಪ್ರಮಾಣ’ ಎಂಬ ಪದಕ್ಕೆ ಎರಡು ಅರ್ಥ ಇದೆ. ಒಂದು ಪುರಾವೆ, ಇನ್ನೊಂದು ಆಣೆ. ಕೋರ್ಟಿನಲ್ಲಿ ಸಾಕ್ಷಿ ಹೇಳುವವನು ಪ್ರಮಾಣ ಮಾಡಿ ಮಾತು ಶುರು ಮಾಡುತ್ತಾನೆ. ಆಮೇಲೆ ಅವನು ಹೇಳಿದ್ದಕ್ಕೇ ಪ್ರಮಾಣ ಕೇಳುತ್ತಾರೆ. ಕುರ್‌ಆನ್ ಓದುವಾಗ ನನಗೆ ಪದೇ ಪದೇ ನೆನಪಾಗುವುದು ಈ ಪದವೇ. ಯಾಕೆಂದರೆ ಆ ಗ್ರಂಥದಲ್ಲಿ ಎರಡೂ ಇವೆ. ಸೂರ್ಯನಾಣೆ, ಅಂಜೂರದಾಣೆ, ಕಾಲದಾಣೆ ಎಂದು ಆಣೆಯಿಂದಲೇ ಶುರುವಾಗುವ ಅಧ್ಯಾಯಗಳು ಅದರಲ್ಲಿವೆ. ‘ನೀವು ಸತ್ಯವಂತರಾಗಿದ್ದರೆ ನಿಮ್ಮ ಪುರಾವೆ ತನ್ನಿ’ ಎಂದು ಎದುರಾಳಿಗಳನ್ನು ಕೇಳುವ ಮಾತೂ ಅದರಲ್ಲಿದೆ, 2ನೇ ಅಧ್ಯಾಯದ 111ನೇ ವಚನದಲ್ಲಿ.

ಹಾಗಾದರೆ ಇದನ್ನು ದೇವವಾಣಿ ಎಂದು ಒಪ್ಪುವವರು ಯಾವ ಪ್ರಮಾಣದ ಮೇಲೆ ಒಪ್ಪುತ್ತಾರೆ? ಈ ಪ್ರಶ್ನೆ ಎದ್ದ ಕೂಡಲೇ ಜನ ಎರಡು ಗುಂಪಾಗಿಬಿಡುತ್ತಾರೆ. ‘ವಿಜ್ಞಾನವೇ ಸಾಬೀತು ಮಾಡಿದೆ’ ಎಂದು ಕೆಲವರು. ‘ಅದೆಲ್ಲ ಸುಮ್ನೆ ನಂಬಿಕೆ, ಪುರಾವೆ ಒಂದೂ ಇಲ್ಲ’ ಎಂದು ಇನ್ನು ಕೆಲವರು. ಇಬ್ಬರಿಗೂ ಅವಸರ ಜಾಸ್ತಿ. ಸಾವಿರ ವರ್ಷದ ಹಿಂದೆಯೇ ಮುಸ್ಲಿಂ ಪಂಡಿತರು ಈ ಪ್ರಶ್ನೆಯನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದ್ದಾರೆ. ಅವರ ಮಾತಿನಲ್ಲಿದ್ದ ಎಚ್ಚರ ಇವತ್ತಿನ ವಾದಗಳಲ್ಲಿ ಕಾಣುವುದಿಲ್ಲ. ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಮೊದಲು ಪ್ರಶ್ನೆಯನ್ನೇ ಸ್ವಲ್ಪ ಬಿಡಿಸೋಣ. ‘ಕುರ್‌ಆನ್ ದೇವವಾಣಿ’ ಎಂಬ ಒಂದು ಮಾತಿನೊಳಗೆ ಮೂರು ಮಾತು ಅಡಗಿವೆ. ಇವತ್ತು ಕೈಯಲ್ಲಿರುವ ಪಠ್ಯ ಪ್ರವಾದಿ ಮುಹಮ್ಮದರು ಜನರ ಮುಂದೆ ಓದಿದ ಪಠ್ಯವೇ ಎಂಬುದು ಮೊದಲನೆಯದು. ಅದು ಮನುಷ್ಯನ ಕೈಲಿ ಆಗದಂಥದ್ದು ಎಂಬುದು ಎರಡನೆಯದು. ಆದ್ದರಿಂದ ಅದು ದೇವರದ್ದು ಎಂಬುದು ಮೂರನೆಯದು. ಒಂದಕ್ಕೆ ಸಿಕ್ಕ ಪುರಾವೆಯನ್ನು ಇನ್ನೊಂದಕ್ಕೆ ಅಂಟಿಸುವುದರಿಂದಲೇ ಅರ್ಧಕ್ಕರ್ಧ ಜಗಳ ಹುಟ್ಟುತ್ತದೆ.

ಮೊದಲನೆಯದು ಇತಿಹಾಸದ ಪ್ರಶ್ನೆ. ಅದಕ್ಕೆ ಇತಿಹಾಸದ ಪುರಾವೆ ಸಿಗುತ್ತದೆ. ಸುಮಾರು 610ರಿಂದ 632ರವರೆಗೆ ಈ ವಚನಗಳು ಬಿಡಿಬಿಡಿಯಾಗಿ ಅವತರಿಸಿದವು ಎಂದು ಸಂಪ್ರದಾಯ ಹೇಳುತ್ತದೆ. ಪ್ರವಾದಿಯವರ ನಂತರ ಮುಸ್ಲಿಮರನ್ನು ಆಳಿದ ಮೂರನೆಯ ಖಲೀಫ ಉಸ್ಮಾನರ ಕಾಲದಲ್ಲಿ, ಸುಮಾರು 650ರಲ್ಲಿ, ಝೈದ್ ಬಿನ್ ಸಾಬಿತ್ ಎಂಬ ಲಿಪಿಕಾರರ ನೇತೃತ್ವದಲ್ಲಿ ಒಂದು ಅಧಿಕೃತ ಪ್ರತಿ ಸಿದ್ಧವಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದಲ್ಲಿರುವ ಎರಡು ಚರ್ಮದ ಹಾಳೆಗಳ ಸುದ್ದಿ 2015ರಲ್ಲಿ ಬಂತು. ರೇಡಿಯೊಕಾರ್ಬನ್ ಪರೀಕ್ಷೆ ಆ ಚರ್ಮದ ಕಾಲವನ್ನು 568ರಿಂದ 645ರ ನಡುವೆ ಇಟ್ಟಿತು. ಆ ಪರೀಕ್ಷೆ ಹೇಳುವುದು ಪ್ರಾಣಿ ಬದುಕಿದ್ದ ಕಾಲವನ್ನು, ಶಾಯಿ ಬಿದ್ದ ಕಾಲವನ್ನಲ್ಲ. ಆದರೂ ಪಠ್ಯ ಬಹಳ ಹಳೆಯದು ಎಂಬುದಕ್ಕೆ ಅದು ಗಟ್ಟಿ ಆಧಾರವೇ. ಇನ್ನೊಂದು ಕಡೆ, ಯೆಮೆನ್‌ನ ಸನಾ ನಗರದ ದೊಡ್ಡ ಮಸೀದಿಯಲ್ಲಿ 1972ರಲ್ಲಿ ಸಿಕ್ಕ ಹಸ್ತಪ್ರತಿಗಳ ರಾಶಿಯಲ್ಲಿ ಒಂದು ವಿಶೇಷ ಪ್ರತಿ ಇತ್ತು. ಅದರಲ್ಲಿ ಒಮ್ಮೆ ಬರೆದದ್ದನ್ನು ಅಳಿಸಿ ಮತ್ತೆ ಬರೆದಿದ್ದಾರೆ. ಅಳಿಸಿದ ಪದರದಲ್ಲಿ ಕೆಲವು ಪದಗಳು, ಅಧ್ಯಾಯಗಳ ಕ್ರಮ ಇವತ್ತಿಗಿಂತ ಬೇರೆ ಇವೆ. ಅಂದರೆ ಶುರುವಿನ ದಿನಗಳಲ್ಲಿ ಅಷ್ಟಿಷ್ಟು ಪಾಠಭೇದ ಇತ್ತು. ಇದನ್ನು ಸಂಪ್ರದಾಯವೂ ಮುಚ್ಚಿಟ್ಟಿಲ್ಲ. ಪಾಠಭೇದ ಇದ್ದದ್ದರಿಂದಲೇ ಉಸ್ಮಾನರು ಒಂದೇ ಪ್ರತಿಯನ್ನು ನಿಲ್ಲಿಸಿದರು ಎಂದು ಅದೇ ಹೇಳುತ್ತದೆ.

ಇದೆಲ್ಲ ಮುಖ್ಯ. ಆದರೆ ಒಂದು ಪತ್ರ ಲಕೋಟೆ ಒಡೆಯದೆ ನಮ್ಮ ಕೈ ಸೇರಿತು ಅಂದುಕೊಳ್ಳಿ. ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂಬುದು ಗೊತ್ತಾಯಿತು. ಬರೆದವರು ಯಾರು ಎಂಬುದು ಅಷ್ಟರಿಂದಲೇ ಗೊತ್ತಾಗುವುದಿಲ್ಲ, ಅಲ್ವಾ? ಒಂದಕ್ಷರವೂ ಬದಲಾಗಿಲ್ಲ ಎಂದು ಸಾಬೀತಾದರೂ ಅದು ಮೊದಲ ಮಾತಿಗೆ ಪುರಾವೆ, ಮೂರನೆಯದಕ್ಕೆ ಅಲ್ಲ. ಪಾಠಭೇದ ಸಿಕ್ಕಿತು ಎಂದ ಮಾತ್ರಕ್ಕೆ ಮೂರನೆಯದು ಬಿದ್ದೂ ಹೋಗುವುದಿಲ್ಲ.

ಈಗ ಎರಡನೆಯದು. ನಿಜವಾದ ತಿರುಳು ಇರುವುದು ಇಲ್ಲೇ. ಕುರ್‌ಆನ್ ತನ್ನ ಪರವಾಗಿ ತಾನೇ ಒಂದು ಸವಾಲು ಹಾಕುತ್ತದೆ. ‘ಇಂಥದ್ದನ್ನು ನೀವೂ ತನ್ನಿ ನೋಡೋಣ’ ಎಂಬ ಸವಾಲು. 17ನೇ ಅಧ್ಯಾಯದಲ್ಲಿ ಅದು ಇಡೀ ಕುರ್‌ಆನಿನ ಮಾತು: ಮನುಷ್ಯರೂ ಕಣ್ಣಿಗೆ ಕಾಣದ ಜೀವಿಗಳಾದ ಜಿನ್ನ್‌ಗಳೂ ಒಟ್ಟು ಸೇರಿದರೂ ಇಂಥದ್ದನ್ನು ತರಲಾರರು. 11ನೇ ಅಧ್ಯಾಯದಲ್ಲಿ ಹತ್ತು ಸೂರಾ, ಅಂದರೆ ಹತ್ತು ಅಧ್ಯಾಯ, ತನ್ನಿ ಎನ್ನುತ್ತದೆ. 10ನೇ ಮತ್ತು 2ನೇ ಅಧ್ಯಾಯಗಳಲ್ಲಿ ಒಂದೇ ಒಂದು ಸೂರಾ ಸಾಕು ಎನ್ನುತ್ತದೆ.

ಒಂದು ಸೂರಾ ಅಂದರೆ ಎಷ್ಟು? ಅತಿ ಚಿಕ್ಕದು 108ನೆಯದು, ಅಲ್ ಕೌಸರ್. ಮೂರೇ ವಚನ, ಹತ್ತು ಪದ. ಗಟ್ಟಿಯಾಗಿ ಓದಿ ನೋಡಿ: ‘ಇನ್ನಾ ಆತೈನಾಕಲ್ ಕೌಸರ್, ಫಸಲ್ಲಿ ಲಿರಬ್ಬಿಕ ವನ್‌ಹರ್, ಇನ್ನ ಶಾನಿಅಕ ಹುವಲ್ ಅಬ್ತರ್.’ ಅರ್ಥ ಸರಿಸುಮಾರು ಹೀಗೆ: ನಿನಗೆ ನಾವು ಸಮೃದ್ಧಿಯನ್ನು ಕೊಟ್ಟಿದ್ದೇವೆ, ಆದ್ದರಿಂದ ನಿನ್ನ ಒಡೆಯನಿಗೆ ನಮಾಝ್ ಮಾಡು, ಬಲಿ ಅರ್ಪಿಸು, ನಿನ್ನನ್ನು ದ್ವೇಷಿಸುವವನೇ ಬುಡ ಕಡಿದು ಹೋದವನು. ಪ್ರವಾದಿಯವರ ಗಂಡುಮಕ್ಕಳು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಆಗ ವಿರೋಧಿಯೊಬ್ಬ ಅವರನ್ನು ‘ಅಬ್ತರ್’, ಅಂದರೆ ಬಾಲ ಕತ್ತರಿಸಿದವನು, ವಂಶ ಇಲ್ಲದವನು ಎಂದು ಹೀಯಾಳಿಸಿದ, ಅದಕ್ಕೆ ಬಂದ ಉತ್ತರ ಇದು ಎಂದು ಸಂಪ್ರದಾಯ ಹೇಳುತ್ತದೆ. ಈಗ ಕಟ್ಟಡ ನೋಡಿ. ಮೊದಲ ಸಾಲು ತುಂಬಿ ಹರಿಯುವ ಪದದಲ್ಲಿ ನಿಲ್ಲುತ್ತದೆ, ಕೊನೆಯ ಸಾಲು ಕತ್ತರಿಸಿದ ಪದದಲ್ಲಿ. ಬೈಗುಳದ ಪದ ಬೈದವನ ಕೊರಳಿಗೇ ಹೋಗಿ ಬೀಳುತ್ತದೆ. ಮೂರೂ ಸಾಲು ಒಂದೇ ಪ್ರಾಸದಲ್ಲಿ ಮುಗಿಯುತ್ತವೆ. ಮಗನನ್ನು ಕಳೆದುಕೊಂಡ ಒಬ್ಬ ತಂದೆಗೆ ಹೇಳಿದ ಸಮಾಧಾನ ಇದು. ಹತ್ತು ಪದದಲ್ಲಿ ಇಷ್ಟು ಕೆಲಸ ನಡೆದಿದೆ. ಇದು ಸುಮ್ಮನೆ ತಳ್ಳಿಹಾಕುವ ವಿಷಯವಲ್ಲ.

ಆದರೆ ಇದು ಮನುಷ್ಯರಿಂದ ಆಗುವುದೇ ಇಲ್ಲ ಎಂದು ತೀರ್ಪು ಕೊಡುವವರು ಯಾರು? ಕಷ್ಟ ಇರುವುದು ಅಲ್ಲೇ. ಭಾರ ತೂಗಲು ತಕ್ಕಡಿ ಇದೆ. ಮಾತಿನ ಸೊಗಸು ತೂಗಲು ಕಿವಿ ಬೇಕು, ಮತ್ತು ಕಿವಿ ಒಬ್ಬೊಬ್ಬರದು ಒಂದೊಂದು ಥರ. ಹಳೆಯ ಪಂಡಿತರಿಗೆ ಇದು ಚೆನ್ನಾಗಿ ಗೊತ್ತಿತ್ತು. ‘ಇಅ್‌ಜಾಝ್’, ಅಂದರೆ ಅನುಕರಿಸಲಾಗದ ಗುಣ ಎಂಬ ವಿಚಾರವನ್ನು ಅವರು ಒಂದು ಶಾಸ್ತ್ರವಾಗಿಯೇ ಬೆಳೆಸಿದರು. 1013ರಲ್ಲಿ ತೀರಿಕೊಂಡ ಅಲ್ ಬಾಕಿಲ್ಲಾನಿ, ಅರಬ್ಬಿಯ ಮಹಾಕವಿ ಇಮ್ರುಲ್ ಕೈಸ್‌ನ ಹೆಸರಾಂತ ಪದ್ಯವನ್ನೇ ಮುಂದಿಟ್ಟುಕೊಂಡು, ಅದರಲ್ಲಿ ಎಲ್ಲೆಲ್ಲಿ ಮಾತು ಸಡಿಲವಾಗಿದೆ ಎಂದು ಸಾಲು ಸಾಲಾಗಿ ತೋರಿಸಿದರು. ಅದೇ ಶತಮಾನದಲ್ಲಿ ಅಬ್ದುಲ್ ಕಾಹಿರ್ ಅಲ್ ಜುರ್ಜಾನಿ ಇನ್ನೂ ಆಳಕ್ಕೆ ಹೋದರು. ಸೊಗಸು ಬಿಡಿ ಪದಗಳಲ್ಲಿ ಇಲ್ಲ, ಪದಗಳನ್ನು ಹೆಣೆದ ರೀತಿಯಲ್ಲಿ ಇದೆ, ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಹೇಳದೆ ಬಿಟ್ಟಿದೆ ಎಂಬುದರಲ್ಲಿ ಇದೆ ಎಂದರು. ಧರ್ಮದ ವಿಚಾರ ಬದಿಗಿಟ್ಟು ಓದಿದರೂ ಇದು ಭಾಷೆಯ ಬಗ್ಗೆ ಅಪರೂಪದ ಚಿಂತನೆ.

ಎಲ್ಲರೂ ಇದನ್ನು ಒಪ್ಪಲಿಲ್ಲ. 9ನೇ ಶತಮಾನದ ಮುಅ್‌ತಝಿಲಾ ಎಂಬ ತರ್ಕಪ್ರಧಾನ ಪಂಥದ ಪಂಡಿತ ಅನ್ನಝ್ಝಾಮ್, ಪವಾಡ ಇರುವುದು ಶೈಲಿಯಲ್ಲಿ ಅಲ್ಲ, ಅರಬರು ಇಂಥದ್ದನ್ನು ರಚಿಸದಂತೆ ದೇವರು ಅವರನ್ನು ತಡೆದದ್ದರಲ್ಲಿ ಎಂದರು. ಈ ವಾದದ ಹೆಸರು ‘ಸರ್ಫಾ’, ತಿರುಗಿಸುವುದು ಎಂದು ಅರ್ಥ. ದೇವವಾಣಿ ಎಂಬುದರಲ್ಲಿ ಅವರಿಗೆ ಸಂಶಯ ಇರಲಿಲ್ಲ. ಆದರೂ ಸೊಗಸಿನ ವಾದ ಅವರಿಗೆ ಸಾಲಲಿಲ್ಲ. ನಂಬಿಕೆ ಒಂದೇ ಇದ್ದವರಲ್ಲೂ ಪುರಾವೆ ಯಾವುದು ಎಂಬುದರ ಬಗ್ಗೆ ಇಷ್ಟು ದೊಡ್ಡ ಭಿನ್ನಾಭಿಪ್ರಾಯ ಇತ್ತು.

ಇನ್ನು ನಮ್ಮಂಥವರ ಪಾಡು. ನಾವು ಓದುವುದು ಅನುವಾದ. ಕನ್ನಡದಲ್ಲಿ ‘ಸಮೃದ್ಧಿ’ಯೂ ‘ಬುಡ ಕಡಿದವನು’ ಎಂಬುದೂ ಪ್ರಾಸ ಆಗುವುದಿಲ್ಲ. ಅರಬ್ಬಿ ಕಿವಿಗೆ ನೇರವಾಗಿ ಕೇಳಿಸಿದ್ದು ನಮಗೆ ಸುದ್ದಿಯಾಗಿ ಮಾತ್ರ ತಲುಪುತ್ತದೆ. ಇದನ್ನೂ ಬಾಕಿಲ್ಲಾನಿ ಮೊದಲೇ ಒಪ್ಪಿಕೊಂಡಿದ್ದರು. ಅರಬ್ಬಿ ಬಾರದವನು ಈ ಗುಣವನ್ನು ತಾನೇ ಕಾಣಲಾರ, ಬಲ್ಲ ಅರಬರಿಂದಲೇ ಆಗಲಿಲ್ಲ ಎಂಬುದರಿಂದ ಊಹಿಸಬೇಕು, ಅಷ್ಟೇ. ಅಂದರೆ ಜಗತ್ತಿನ ಬಹುಪಾಲು ಮುಸ್ಲಿಮರಿಗೆ ಈ ಪುರಾವೆ ಬರುವುದು ಬೇರೆಯವರ ಮಾತಿನ ಮೂಲಕ. ಅದು ತಪ್ಪೇನಲ್ಲ. ಭಾರತದ ತರ್ಕಶಾಸ್ತ್ರವೂ ನಂಬಿಕಸ್ತರ ಮಾತನ್ನು ಶಬ್ದಪ್ರಮಾಣ ಎಂದು ಕರೆದು ಪ್ರಮಾಣಗಳ ಸಾಲಿನಲ್ಲೇ ಕೂರಿಸಿದೆ. ಆದರೆ ‘ನಾನೇ ಕಂಡೆ’ ಎಂಬುದಕ್ಕೂ ‘ಬಲ್ಲವರು ಹೇಳಿದರು’ ಎಂಬುದಕ್ಕೂ ಇರುವ ಅಂತರವನ್ನು ಮರೆಮಾಡಬಾರದು.

ಶೈಲಿ ಬಿಟ್ಟು ವಿಷಯಕ್ಕೆ ಬಂದರೆ ಎರಡು ವಾದ ಹೆಚ್ಚು ಕೇಳುತ್ತವೆ. ಒಂದನ್ನು ಕುರ್‌ಆನೇ ಎತ್ತುತ್ತದೆ, 4ನೇ ಅಧ್ಯಾಯದ 82ನೇ ವಚನದಲ್ಲಿ. ಇದು ಅಲ್ಲಾಹನಲ್ಲದೆ ಬೇರೆ ಯಾರಿಂದಲೋ ಬಂದಿದ್ದರೆ ಇದರಲ್ಲಿ ಬಹಳ ವೈರುಧ್ಯ ಕಾಣುತ್ತಿದ್ದರು ಎನ್ನುತ್ತದೆ ಅದು. ಇಪ್ಪತ್ತಕ್ಕೂ ಹೆಚ್ಚು ವರ್ಷ, ಯುದ್ಧ, ವಲಸೆ, ಗೆಲುವು, ಸೋಲುಗಳ ನಡುವೆ ಬಂದ ಮಾತುಗಳು ಒಂದಕ್ಕೊಂದು ಹೊಂದಿಕೊಂಡಿವೆ ಎಂಬುದು ನಂಬುವವರಿಗೆ ದೊಡ್ಡ ಸಂಗತಿ. ಆದರೆ ವೈರುಧ್ಯ ಇಲ್ಲದಿರುವುದು ಒಂದು ಅಗತ್ಯ ಮಾತ್ರ. ಗಣಿತದ ಒಳ್ಳೆಯ ಪುಸ್ತಕದಲ್ಲೂ ವೈರುಧ್ಯ ಇರುವುದಿಲ್ಲ.

ಇನ್ನೊಂದು ಭವಿಷ್ಯವಾಣಿ. 30ನೇ ಅಧ್ಯಾಯದ ಶುರುವಿನಲ್ಲಿ ‘ರೋಮನ್ನರು ಸೋತರು, ಕೆಲವೇ ವರ್ಷಗಳಲ್ಲಿ ಮತ್ತೆ ಗೆಲ್ಲುತ್ತಾರೆ’ ಎಂದಿದೆ. 614ರಲ್ಲಿ ಪರ್ಷಿಯನ್ನರು ಜೆರುಸಲೇಮನ್ನು ಹಿಡಿದರು. 627ರಲ್ಲಿ ನಿನೆವೆಯ ಬಳಿ ರೋಮನ್ನರ ಚಕ್ರವರ್ತಿ ಹೆರಾಕ್ಲಿಯಸ್ ಅವರನ್ನು ಸೋಲಿಸಿದ. ಆ ಸೋಲಿನ ದಿನಗಳಲ್ಲಿ ರೋಮ್ ಮತ್ತೆ ಎದ್ದು ನಿಲ್ಲುತ್ತದೆ ಎನ್ನುವುದು ಧೈರ್ಯದ ಮಾತೇ. ಆದರೆ ‘ಕೆಲವೇ’ ಎಂಬ ಅರಬ್ಬಿ ಪದವನ್ನು ಮೂರರಿಂದ ಒಂಬತ್ತು ಎಂದು ಅರ್ಥ ಮಾಡುತ್ತಾರೆ. ಎಲ್ಲಿಂದ ಎಣಿಸಬೇಕು ಎಂಬ ಪ್ರಶ್ನೆ ಬರುತ್ತದೆ. ‘ಸೋತರು’ ಎಂಬುದನ್ನು ‘ಗೆದ್ದರು’ ಎಂದು ಸ್ವರ ಬದಲಿಸಿ ಓದುವ ಪಾಠವೊಂದು ಹಳೆಯ ವ್ಯಾಖ್ಯಾನಗಳಲ್ಲೇ ದಾಖಲಾಗಿದೆ. ಮೊದಲಿನ ಲಿಪಿಯಲ್ಲಿ ಆ ಸ್ವರಗಳನ್ನು ಬರೆಯುತ್ತಿರಲಿಲ್ಲ. ನಂಬಿದವರಿಗೆ ಇದು ಬಲ ಕೊಡುತ್ತದೆ. ನಂಬದವರಿಗೆ ಬಾಯಿ ಮುಚ್ಚಿಸುವಷ್ಟು ಬಿಗಿ ಇಲ್ಲ.

ವಿಜ್ಞಾನದ ಪವಾಡಗಳ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ಈ ದಾರಿ ನಂಬಿಕೆಗೇ ಹಾನಿ. ಫ್ರಾನ್ಸಿನ ವೈದ್ಯ ಮಾರಿಸ್ ಬುಕಾಯ್ 1976ರಲ್ಲಿ ಬರೆದ ಪುಸ್ತಕದ ನಂತರ ಇದು ಬಹಳ ಹರಡಿತು. ಒಂದೇ ಉದಾಹರಣೆ ಸಾಕು. 51ನೇ ಅಧ್ಯಾಯದ 47ನೇ ವಚನದಲ್ಲಿ ಆಕಾಶದ ಸೃಷ್ಟಿಯ ಮಾತಿನ ಕೊನೆಗೆ ‘ಮೂಸಿಊನ್’ ಎಂಬ ಪದ ಇದೆ. ಇವತ್ತು ಅದನ್ನು ‘ವಿಸ್ತರಿಸುತ್ತಿರುವವರು’ ಎಂದು ಅನುವಾದಿಸಿ, ವಿಶ್ವ ಹಿಗ್ಗುತ್ತಿದೆ ಎಂದು 1929ರಲ್ಲಿ ಖಗೋಳ ವಿಜ್ಞಾನಿ ಹಬಲ್ ತೋರಿಸಿದ್ದು ಇಲ್ಲಿ ಮೊದಲೇ ಇತ್ತು ಎನ್ನುತ್ತಾರೆ. ಹಳೆಯ ವ್ಯಾಖ್ಯಾನಕಾರರಲ್ಲಿ ಅನೇಕರು ಅದೇ ಪದವನ್ನು ‘ಸಾಮರ್ಥ್ಯವುಳ್ಳವರು’ ಎಂದು ಓದಿದ್ದರು. ಪದಕ್ಕೆ ಎರಡೂ ಕಡೆ ಬಾಗುವ ಗುಣ ಇದೆ. ತೊಂದರೆ ಏನೆಂದರೆ, ಈ ಅರ್ಥವನ್ನು ಹಿಡಿದು ಯಾರೂ 1929ಕ್ಕೆ ಮೊದಲು ವಿಶ್ವ ಹಿಗ್ಗುವುದನ್ನು ಕಂಡುಹಿಡಿಯಲಿಲ್ಲ. ಫಲಿತಾಂಶ ಬಂದ ಮೇಲೆ ಉತ್ತರ ಬರೆದ ಹಾಗೆ ಆಯಿತು. ನಾಳೆ ವಿಜ್ಞಾನ ತನ್ನ ಮಾತು ತಿದ್ದಿಕೊಂಡರೆ? ವಿಜ್ಞಾನ ಬದುಕಿರುವುದೇ ತಿದ್ದಿಕೊಳ್ಳುವುದರಿಂದ. ಆಗ ವಚನವನ್ನೂ ಮತ್ತೆ ಬಾಗಿಸಬೇಕಾಗುತ್ತದೆ. 14ನೇ ಶತಮಾನದಲ್ಲಿ ಗ್ರನಾಡದ ಅಶ್ಶಾತಿಬಿ ಎಂಬ ಪಂಡಿತರೇ ಇದಕ್ಕೆ ಎಚ್ಚರಿಕೆ ಕೊಟ್ಟಿದ್ದರು. ಮೊದಲ ಕೇಳುಗರಿಗೆ ಗೊತ್ತೇ ಇರದ ಶಾಸ್ತ್ರಗಳನ್ನೆಲ್ಲ ಕುರ್‌ಆನಿನೊಳಗೆ ಹುಡುಕಬೇಡಿ ಎಂಬುದು ಅವರ ನಿಲುವು.

ಲೆಕ್ಕದ ಪವಾಡದ ಕಥೆ ಇನ್ನೂ ದುಃಖದ್ದು. 19 ಎಂಬ ಸಂಖ್ಯೆಯ ಸುತ್ತ ಇಡೀ ಕುರ್‌ಆನ್ ಹೆಣೆದಿದೆ ಎಂದು 1970ರ ದಶಕದಲ್ಲಿ ರಶಾದ್ ಖಲೀಫಾ ಎಂಬವರು ಹೇಳತೊಡಗಿದರು. ಕೊನೆಗೆ ಲೆಕ್ಕಕ್ಕೆ ಹೊಂದಲಿಲ್ಲ ಎಂದು 9ನೇ ಅಧ್ಯಾಯದ ಕೊನೆಯ ಎರಡು ವಚನಗಳನ್ನೇ ಕುರ್‌ಆನಿನದ್ದಲ್ಲ ಎಂದು ಕೈಬಿಟ್ಟರು. ಪುರಾವೆ ಉಳಿಸಲು ಗ್ರಂಥವನ್ನೇ ಕತ್ತರಿಸಿದರು.

ಹಾಗಾದರೆ ಪುರಾವೆ ಕೇಳುವುದೇ ತಪ್ಪೇ? ಇಲ್ಲಿ ಅಲ್ ಗಝಾಲಿಯವರ ಮಾತು ಕೇಳಬೇಕು. ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಹೆಸರಾಂತ ಗುರು. 1095ರಲ್ಲಿ ಎಲ್ಲ ಬಿಟ್ಟು ಹೊರಟವರು. ಅದಕ್ಕೂ ಮೊದಲು ಒಮ್ಮೆ ಸುಮಾರು ಎರಡು ತಿಂಗಳು ಕಣ್ಣು, ಬುದ್ಧಿ ಯಾವುದನ್ನೂ ನಂಬಲಾಗದ ಸಂಶಯದಲ್ಲಿ ಬಿದ್ದಿದ್ದೆ ಎಂದು ಅವರೇ ಬರೆದಿದ್ದಾರೆ. ಅದರಿಂದ ಎದ್ದದ್ದು ತರ್ಕದಿಂದಲ್ಲ, ದೇವರು ಎದೆಗೆ ಇಳಿಸಿದ ಬೆಳಕಿನಿಂದ ಎಂದೂ ಹೇಳಿದ್ದಾರೆ. ಅವರು ಕೊಡುವ ಉದಾಹರಣೆ ಹೀಗಿದೆ: ಹತ್ತಕ್ಕಿಂತ ಮೂರು ದೊಡ್ಡದು, ಬೇಕಾದರೆ ಈ ಕೋಲನ್ನು ಹಾವು ಮಾಡಿ ತೋರಿಸುತ್ತೇನೆ ಎಂದು ಒಬ್ಬ ಹೇಳಿ, ಹಾಗೇ ಮಾಡಿಯೂ ತೋರಿಸಿದ ಅಂದುಕೊಳ್ಳಿ. ಹೇಗೆ ಮಾಡಿದ ಎಂದು ಬೆರಗಾಗುತ್ತೇನೆ. ಹತ್ತು ದೊಡ್ಡದು ಎಂಬುದರಲ್ಲಿ ಮಾತ್ರ ಸಂಶಯ ಬರುವುದಿಲ್ಲ.

ಪವಾಡದಿಂದ ಸತ್ಯ ಸಾಬೀತಾಗದಿದ್ದರೆ ಪ್ರವಾದಿಯನ್ನು ಗುರುತಿಸುವುದು ಹೇಗೆ? ವೈದ್ಯನನ್ನು ಗುರುತಿಸುವ ಹಾಗೆ ಎನ್ನುತ್ತಾರೆ ಗಝಾಲಿ. ನಿಮಗೆ ವೈದ್ಯದ ಅರಿವು ಸ್ವಲ್ಪ ಇದ್ದರೆ, ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲನ್ ಬರೆದದ್ದು ಓದಿದರೆ, ಅವನು ವೈದ್ಯ ಹೌದೋ ಅಲ್ಲವೋ ನಿಮಗೇ ತಿಳಿಯುತ್ತದೆ. ಹಾಗೆಯೇ ಕುರ್‌ಆನ್ ಓದಿ, ಪ್ರವಾದಿಯ ಮಾತು ಓದಿ, ಹೇಳಿದ್ದನ್ನು ಮಾಡಿ ನೋಡಿ, ಅದು ಹೃದಯಕ್ಕೆ ಏನು ಮಾಡುತ್ತದೆ ಗಮನಿಸಿ. ಕೋಲು ಹಾವಾದದ್ದನ್ನು ನೆಚ್ಚಿಕೊಳ್ಳಬೇಡಿ. ಗಝಾಲಿಯವರನ್ನು ಬಹಳ ವಿಷಯಗಳಲ್ಲಿ ಖಂಡಿಸಿದ ಸ್ಪೇನಿನ ಕೊರ್ಡೋಬಾದ ತತ್ವಜ್ಞಾನಿ ಇಬ್ನ್ ರುಶ್ದ್ ಕೂಡ ಇಲ್ಲಿ ಹತ್ತಿರ ಹತ್ತಿರ ಅದನ್ನೇ ಹೇಳಿದರು. ನಾನು ವೈದ್ಯ, ನೀರಿನ ಮೇಲೆ ನಡೆಯಬಲ್ಲೆ ಎನ್ನುವವನಿಗಿಂತ, ನಾನು ವೈದ್ಯ, ರೋಗ ವಾಸಿ ಮಾಡಬಲ್ಲೆ ಎಂದು ವಾಸಿ ಮಾಡುವವನ ಪುರಾವೆ ಗಟ್ಟಿ.

ಇದು ಬಹಳ ಒಳ್ಳೆಯ ಉತ್ತರ ಎಂದು ನನಗೆ ಅನಿಸುತ್ತದೆ. ಆದರೆ ಇದರ ಬೆಲೆಯೂ ಗೊತ್ತಿರಲಿ. ಈ ಪುರಾವೆ ಹೊರಗೆ ನಿಂತವರಿಗೆ ಸಿಗುವುದಿಲ್ಲ. ಔಷಧ ಕುಡಿಯಬೇಕು, ಆಮೇಲೆ ತಿಳಿಯಬೇಕು. ಬೇರೆ ಗ್ರಂಥಗಳನ್ನು ಹಿಡಿದು ಬದುಕಿದವರೂ ‘ನನಗೆ ವಾಸಿಯಾಯಿತು’ ಎನ್ನುತ್ತಾರಲ್ಲ, ಅವರಿಗೆ ಏನು ಹೇಳುವುದು? ಈ ಪ್ರಶ್ನೆ ಹಾಗೇ ಉಳಿಯುತ್ತದೆ.

ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ, ಸಾಕಷ್ಟು ಆಧಾರ ಇಲ್ಲದೆ ಏನನ್ನೇ ನಂಬುವುದೂ ತಪ್ಪು ಎಂದು ವಾದಿಸಿದರು. ಅದಕ್ಕೆ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ ಉತ್ತರ ಕೊಟ್ಟರು: ಕೆಲವು ಆಯ್ಕೆಗಳಲ್ಲಿ ಪುರಾವೆಗೆ ಕಾಯುತ್ತ ಕೂರುವುದೂ ಒಂದು ಆಯ್ಕೆಯೇ, ಅದಕ್ಕೂ ನಷ್ಟ ಇದೆ. ನನಗೆ ಇಬ್ಬರ ಮಾತೂ ಕಾಡುತ್ತದೆ. ಆಧಾರ ಕೇಳುವವರನ್ನು ಅಹಂಕಾರಿ ಎಂದು ಬಯ್ಯುವುದು ಅನ್ಯಾಯ. ನಂಬಿದವರನ್ನು ಬುದ್ಧಿ ಇಲ್ಲದವರು ಅನ್ನುವುದೂ ಅಷ್ಟೇ ಅನ್ಯಾಯ.

ಒಂದು ಪದದ ಬಗ್ಗೆ ಗೊಂದಲ ಇರುವುದರಿಂದಲೂ ಈ ಜಗಳ ಬೆಳೆಯುತ್ತದೆ. ಅರಬ್ಬಿಯ ‘ಈಮಾನ್’ ಎಂಬುದನ್ನು ನಂಬಿಕೆ ಎನ್ನುತ್ತೇವೆ. ಅದರ ಬೇರು ಅಭಯ, ಭರವಸೆ ಎಂಬ ಅರ್ಥದ್ದು. ಕೋರ್ಟಿನ ಅಮೀನ, ಒಪ್ಪಿಸಿಟ್ಟ ಅಮಾನತ್ತು, ಇವೆಲ್ಲ ಅದೇ ಬೇರಿನಿಂದ ನಮ್ಮ ಮಾತಿಗೆ ಬಂದ ಪದಗಳು. ಮುಹಮ್ಮದರನ್ನು ಮಕ್ಕಾದ ಜನ ಮೊದಲು ಕರೆಯುತ್ತಿದ್ದದ್ದೂ ‘ಅಲ್ ಅಮೀನ್’ ಎಂದೇ ಎನ್ನುತ್ತದೆ ಸಂಪ್ರದಾಯ, ನಂಬಿಕಸ್ತ ಎಂದು. ಹಾಗಾಗಿ ಈಮಾನ್ ಅಂದರೆ ‘ಪುರಾವೆ ಇಲ್ಲದ ಅಭಿಪ್ರಾಯ’ ಅಲ್ಲ. ಒಬ್ಬರ ಮಾತಿನ ಮೇಲೆ ಭಾರ ಹಾಕುವುದು. ಅದಕ್ಕೆ ಕಾರಣಗಳು ಇರಬಹುದು, ಇರಲೂಬೇಕು. ಆದರೆ ಕಾರಣಗಳನ್ನೆಲ್ಲ ಕೂಡಿಸಿದರೂ ಭಾರ ಹಾಕುವ ಕೆಲಸ ಮಾತ್ರ ಬೇರೆಯೇ ಉಳಿಯುತ್ತದೆ. ‘ಕುರ್‌ಆನ್ ದೇವವಾಣಿ, ಯಾಕೆಂದರೆ ಕುರ್‌ಆನ್ ಹಾಗೆ ಹೇಳುತ್ತದೆ’ ಎಂಬುದು ಪುರಾವೆಯಾಗಿ ನೋಡಿದರೆ ಸುತ್ತು ವಾದ. ಇದು ಎಲ್ಲ ಧರ್ಮಗ್ರಂಥಗಳಿಗೂ ಅನ್ವಯ. ಅದೇ ಮಾತನ್ನು ಆಣೆಯಾಗಿ ಕೇಳಿದರೆ ಸುತ್ತು ಇಲ್ಲ. ಆಣೆಯ ಅಡಿಪಾಯ ಹೇಳಿದವರ ಮೇಲಿನ ವಿಶ್ವಾಸ.

ಕುರ್‌ಆನಿನಲ್ಲಿ ಇದರ ಬಗ್ಗೆ ನನಗೆ ತುಂಬ ಇಷ್ಟವಾದ ಒಂದು ಪ್ರಸಂಗ ಇದೆ, 2ನೇ ಅಧ್ಯಾಯದ 260ನೇ ವಚನ. ಪ್ರವಾದಿ ಇಬ್ರಾಹೀಮರು ದೇವರನ್ನೇ ಕೇಳುತ್ತಾರೆ: ಸತ್ತವರಿಗೆ ಹೇಗೆ ಜೀವ ಕೊಡುತ್ತೀಯ, ನನಗೆ ತೋರಿಸು. ದೇವರು ಕೇಳುತ್ತಾನೆ: ನಿನಗೆ ನಂಬಿಕೆ ಇಲ್ಲವೇ? ಇದೆ, ಆದರೆ ಮನಸ್ಸಿಗೆ ಸಮಾಧಾನ ಆಗಲಿ ಎಂದು ಕೇಳಿದೆ ಎನ್ನುತ್ತಾರೆ ಇಬ್ರಾಹೀಮರು. ದೇವರು ಗದರುವುದಿಲ್ಲ. ನಾಲ್ಕು ಹಕ್ಕಿ ಹಿಡಿ, ಅವನ್ನು ನಿನ್ನ ಕಡೆ ಒಲಿಸಿಕೋ, ಆಮೇಲೆ ಬೆಟ್ಟ ಬೆಟ್ಟದ ಮೇಲೆ ಒಂದೊಂದು ಭಾಗ ಇಡು, ಕರೆ, ಹಾರಿ ಬರುತ್ತವೆ ಎನ್ನುತ್ತಾನೆ.

ಹೆಚ್ಚಿನ ವ್ಯಾಖ್ಯಾನಕಾರರು ಹಕ್ಕಿಗಳನ್ನು ಕತ್ತರಿಸಿ ತುಂಡುಗಳನ್ನು ಇಟ್ಟರು, ಅವು ಜೀವ ತಳೆದು ಬಂದವು ಎಂದು ಓದಿದ್ದಾರೆ. ಅಬೂ ಮುಸ್ಲಿಂ ಅಲ್ ಇಸ್ಫಹಾನಿ ಎಂಬ ಹಳೆಯ ವ್ಯಾಖ್ಯಾನಕಾರರು ಮಾತ್ರ ಬೇರೆ ಓದು ಮುಂದಿಟ್ಟರು. ಕತ್ತರಿಸಿದ ಮಾತೇ ಇಲ್ಲಿ ಇಲ್ಲ ಎಂದರು ಅವರು. ಸಾಕಿ ಪಳಗಿಸಿದ ಹಕ್ಕಿಗಳನ್ನು ಜೀವಂತವಾಗಿಯೇ ಒಂದೊಂದು ಬೆಟ್ಟದ ಮೇಲೆ ಬಿಟ್ಟು ಕರೆದರು, ದನಿಯ ಗುರುತು ಹಿಡಿದು ಅವು ಬಂದವು.